ರೇಡಿಯೋ, ಕಂಪ್ಯೂಟರ್ ಮತ್ತು ಸತ್ಯವಾದ ಲೆಕ್ಕ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂದು ನನಗೆ ಕೊಟ್ಟಿರುವ ವಿಷಯ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಸೆಟ್ಟನ್ನು ಕಂಪ್ಯೂಟರಿನಿಂದ ನಡೆಸುವುದು ಮತ್ತು ಮಾತುಕತೆಯ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಇಡುವುದು. ಸಭಾಂಗಣದ ಬಾಗಿಲಲ್ಲಿ ಒಬ್ಬ ತಂದೆ ನನ್ನನ್ನು ತಡೆದು ಕೇಳಿದರು: "ಸರ್, ವೈರ್‌ಲೆಸ್ ಅಂದರೆ ನಾಳೆ ಮಗನ ಮೇಲೆ ಪೊಲೀಸ್ ಕೇಸು ಆಗುವುದಿಲ್ಲವಾ?" ಅವರು ತಮಾಷೆಗೆ ಕೇಳಿದ್ದಲ್ಲ. ಈ ಪ್ರಶ್ನೆ ಇಲ್ಲಿ ಕುಳಿತ ಇನ್ನೂ ಹಲವು ಹೆತ್ತವರ ಮನಸ್ಸಿನಲ್ಲಿರಬಹುದು. ಆದ್ದರಿಂದ ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗುತ್ತೇನೆ.

ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಚಾಲೂ ಮಾಡಿದರೆ ಕೇಸು ಆಗುತ್ತದೆ, ಆಗಬೇಕು ಕೂಡಾ. ಲೈಸೆನ್ಸ್ ಪಡೆದವನಿಗೆ ಸರಕಾರವೇ ಒಂದು ಕರೆಸಂಕೇತ ಕೊಡುತ್ತದೆ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ವಿ-ಯು-2 ಅಥವಾ ವಿ-ಯು-3 ಎಂದು ಆರಂಭವಾಗುತ್ತದೆ. ಆತ ಗಾಳಿಯಲ್ಲಿ ಆಡುವ ಮಾತೆಲ್ಲ ಬಹಿರಂಗ. ಗುಪ್ತ ಸಂಕೇತ ಬಳಸುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಯಾರೊಡನೆ, ಯಾವಾಗ, ಯಾವ ಆವರ್ತನದಲ್ಲಿ ಮಾತನಾಡಿದೆ ಎಂಬುದನ್ನು ಬರೆದಿಡಬೇಕು. ಈ ದಾಖಲೆಗೆ ಲಾಗ್ ಎಂದು ಹೆಸರು. ನಮ್ಮ ದೇಶದ 1978ರ ಹವ್ಯಾಸಿ ರೇಡಿಯೋ ನಿಯಮಗಳು ಲಾಗ್ ಇಡುವುದನ್ನು ಲೈಸೆನ್ಸುದಾರನ ಕರ್ತವ್ಯವನ್ನಾಗಿ ಮಾಡಿದ್ದವು. ಅಂದರೆ ಪ್ರಾಮಾಣಿಕನಾದ ಹವ್ಯಾಸಿಗೆ ಅವನ ಲಾಗೇ ಮೊದಲ ಸಾಕ್ಷಿ. ನನ್ನ ಇಂದಿನ ಮಾತು ಕೊನೆಗೂ ಬಂದು ಸೇರುವುದು ಈ ಲಾಗಿಗೇ.

ಕಂಪ್ಯೂಟರ್ ಮತ್ತು ರೇಡಿಯೋ ಹೇಗೆ ಮಾತನಾಡುತ್ತವೆ?

ಹಳೆಯ ರೇಡಿಯೋ ಸೆಟ್ಟಿನಲ್ಲಿ ಗುಂಡಿ ತಿರುಗಿಸಿದರೆ ಒಳಗೆ ಒಂದು ಕೆಪ್ಯಾಸಿಟರ್ ತಿರುಗುತ್ತಿತ್ತು. ಅದರಿಂದ ಆವರ್ತನ ಬದಲಾಗುತ್ತಿತ್ತು. ಇಂದಿನ ಸೆಟ್ಟಿನಲ್ಲಿ ಗುಂಡಿ ತಿರುಗಿಸಿದರೆ ಒಳಗಿನ ಮೈಕ್ರೋಪ್ರೊಸೆಸರಿಗೆ ಒಂದು ಸಂಖ್ಯೆ ಹೋಗುತ್ತದೆ, ಅಷ್ಟೆ. ಆ ಸಂಖ್ಯೆಯನ್ನು ಬೆರಳೇ ಕೊಡಬೇಕೆಂದಿಲ್ಲ, ಹೊರಗಿನ ಕಂಪ್ಯೂಟರ್ ಕೂಡಾ ಕೊಡಬಹುದು. ಇದೇ ಇಡೀ ವಿಷಯದ ಬುಡ. ಜಪಾನಿನ ಯಾಸು ಕಂಪೆನಿ ಇದನ್ನು 'ಕ್ಯಾಟ್' ಎಂದು ಕರೆಯಿತು, ಐಕಾಮ್ ಕಂಪೆನಿ 'ಸಿ-ಐ-ವಿ' ಎಂದಿತು. ಕೆನ್‌ವುಡ್ ಕಂಪೆನಿ ತನ್ನದೇ ಆದ ಅಕ್ಷರಗಳ ಭಾಷೆಯನ್ನು ಮಾಡಿಕೊಂಡಿತು. ಮೂವರ ಕೆಲಸ ಒಂದೇ, ಭಾಷೆ ಮೂರು.

ಉದಾಹರಣೆಗೆ 14.200 ಮೆಗಾಹರ್ಟ್ಸ್ ಎಂಬ ಆವರ್ತನಕ್ಕೆ ಸೆಟ್ಟನ್ನು ಒಯ್ಯಬೇಕು ಎಂದುಕೊಳ್ಳಿ. ಹರ್ಟ್ಸ್ ಲೆಕ್ಕದಲ್ಲಿ ಅದು 1 ಕೋಟಿ 42 ಲಕ್ಷ.

ಕೆನ್‌ವುಡ್ ಭಾಷೆಯಲ್ಲಿ 'ಎಫ್' ಮತ್ತು 'ಎ' ಎಂಬ ಎರಡು ಇಂಗ್ಲಿಷ್ ಅಕ್ಷರ, ನಂತರ 00014200000 ಎಂಬ 11 ಅಂಕೆ, ಕೊನೆಗೆ ಒಂದು ಅರ್ಧವಿರಾಮ ಚಿಹ್ನೆ ಕಳುಹಿಸಿದರೆ ಸಾಕು. ಅಂಕೆಗಳಿಲ್ಲದೆ ಬರೀ ಎರಡು ಅಕ್ಷರ ಮತ್ತು ಅರ್ಧವಿರಾಮ ಕಳುಹಿಸಿದರೆ ಅದು ಆಜ್ಞೆಯಲ್ಲ, ಪ್ರಶ್ನೆ. "ಈಗ ಎಲ್ಲಿದ್ದೀ?" ಎಂದು ಕೇಳಿದ ಹಾಗೆ. ಸೆಟ್ಟು ತಾನಿರುವ ಆವರ್ತನವನ್ನು ಹೇಳುತ್ತದೆ.

ಯಾಸು ಕಂಪೆನಿಯ ಎಫ್‌ಟಿ-817 ಎಂಬ ಸಣ್ಣ ಸೆಟ್ಟಿನಲ್ಲಿ ಪ್ರತಿ ಆಜ್ಞೆಯೂ ಸರಿಯಾಗಿ 5 ಬೈಟ್. ಮೊದಲ ನಾಲ್ಕು ಬೈಟ್ ಆವರ್ತನ, ಐದನೆಯದು ಏನು ಮಾಡಬೇಕೆಂಬ ಸಂಖ್ಯೆ. ಅಲ್ಲಿ ನಾವು 01 42 00 00 01 ಎಂದು ಕಳುಹಿಸಬೇಕು. ಕೊನೆಯ 01 ಎಂದರೆ 'ಈ ಆವರ್ತನಕ್ಕೆ ಹೋಗು'.

ಐಕಾಮ್ ಭಾಷೆಯಲ್ಲಿ ಪ್ರತಿ ಸೆಟ್ಟಿಗೂ ಮನೆ ನಂಬ್ರದ ಹಾಗೆ ಒಂದು ವಿಳಾಸ ಇದೆ. ಒಂದೇ ತಂತಿಯಲ್ಲಿ ಹಲವು ಸೆಟ್ಟುಗಳನ್ನು ಜೋಡಿಸಬಹುದು, ವಿಳಾಸ ಯಾರದೋ ಅವರೇ ಉತ್ತರ ಕೊಡುತ್ತಾರೆ. ಆವರ್ತನವನ್ನು ಅಲ್ಲಿ 00 00 20 14 00 ಎಂದು ಬರೆಯುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಇದನ್ನು ನಾವು ಉರ್ದು, ಅರಬಿ ಓದುವ ಹಾಗೆ ಬಲದಿಂದ ಎಡಕ್ಕೆ ಜೋಡಿ ಜೋಡಿಯಾಗಿ ಓದಬೇಕು: 00 14 20 00 00. ಮದ್ರಸದಲ್ಲಿ ಓದಿದ ಮಕ್ಕಳಿಗೆ ಇದು ಕಷ್ಟವಾಗಬಾರದು!

ಇನ್ನು ತಂತಿಯ ವಿಷಯ. ಹಳೆಯ ಕಂಪ್ಯೂಟರಿನ ಹಿಂದೆ 9 ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತಿತ್ತು. ಅದರಲ್ಲಿ ವೋಲ್ಟೇಜು ಧನ ಮತ್ತು ಋಣ ಎರಡೂ ಕಡೆ ಹೋಗುತ್ತದೆ. ಹಲವು ರೇಡಿಯೋ ಸೆಟ್ಟುಗಳ ಒಳಗಿನ ಸರ್ಕ್ಯೂಟಿಗೆ ಬೇಕಾದದ್ದು ಸೊನ್ನೆ ಮತ್ತು 5 ವೋಲ್ಟ್ ಮಾತ್ರ. ನೇರವಾಗಿ ಜೋಡಿಸಿದರೆ ಸೆಟ್ಟಿನ ಪೋರ್ಟ್ ಸುಡಬಹುದು. ಮಧ್ಯದಲ್ಲಿ ಮ್ಯಾಕ್ಸ್-232 ಎಂಬ ಐಸಿ ಮತ್ತು ಕೆಲವು ಕೆಪ್ಯಾಸಿಟರ್ ಹಾಕಿದರೆ ಪರಿವರ್ತನೆ ಆಗುತ್ತದೆ. ಡಿಪ್ಲೊಮಾ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಇದನ್ನು ಬೆಸುಗೆ ಹಾಕಿ ಮುಗಿಸಬಹುದು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಯುಎಸ್‌ಬಿಯಿಂದ ಪರಿವರ್ತಿಸುವ ಕೇಬಲ್ ಬೇಕು. 2016ರಲ್ಲಿ ಬಂದ ಐಕಾಮ್ ಐಸಿ-7300ರಂಥ ಸೆಟ್ಟುಗಳಲ್ಲಿ ಯುಎಸ್‌ಬಿ ಪೋರ್ಟ್ ಸೆಟ್ಟಿನಲ್ಲೇ ಇದೆ.

ಜೋಡಿಸಿದರೂ ಕೆಲಸ ಮಾಡುವುದಿಲ್ಲ ಎಂದು ಹೊಸಬರು ದೂರುತ್ತಾರೆ. ನಾಲ್ಕು ಸಂಗತಿ ನೋಡಿ. ಕಂಪ್ಯೂಟರ್ ಆ ಕೇಬಲಿಗೆ ಕೊಟ್ಟ ಪೋರ್ಟ್ ನಂಬ್ರ ಯಾವುದು? ಸೆಟ್ಟಿನ ಮೆನುವಿನಲ್ಲಿರುವ ವೇಗ, ಅಂದರೆ ಬಾಡ್ ರೇಟ್, ಸಾಫ್ಟ್‌ವೇರಿನಲ್ಲೂ ಅದೇ ಇದೆಯೇ? ಒಂದು ಕಡೆ 4800, ಇನ್ನೊಂದು ಕಡೆ 38400 ಇದ್ದರೆ ಇಬ್ಬರು ಬೇರೆ ಬೇರೆ ಭಾಷೆಯಲ್ಲಿ ಜಗಳವಾಡಿದ ಹಾಗೆ. ಸ್ಟಾಪ್ ಬಿಟ್ ಒಂದೋ ಎರಡೋ? ಸಾಫ್ಟ್‌ವೇರಿನಲ್ಲಿ ಆರಿಸಿದ ಮಾಡೆಲ್ ನಿಮ್ಮದೇ ತಾನೇ? ಈ ನಾಲ್ಕೂ ಸರಿ ಇದ್ದು, ಮಾತನಾಡಲು ಒತ್ತಿದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ ಎಂದರೆ ಆಂಟೆನಾದ ಶಕ್ತಿ ಕೇಬಲಿನೊಳಗೆ ನುಗ್ಗುತ್ತಿದೆ ಎಂದರ್ಥ. ಕೇಬಲನ್ನು ಫೆರೈಟ್ ಉಂಗುರಕ್ಕೆ ಕೆಲವು ಸುತ್ತು ಸುತ್ತಿ ನೋಡಿ.

ಲಾಗ್ ಬರೆಯುವ ಸಾಫ್ಟ್‌ವೇರ್

ಈಗ ಸೆಟ್ಟು ಮತ್ತು ಕಂಪ್ಯೂಟರ್ ಮಾತನಾಡುತ್ತಿವೆ. ಸಾಫ್ಟ್‌ವೇರ್ ಸೆಕೆಂಡಿಗೆ ಹಲವು ಸಲ ಸೆಟ್ಟನ್ನು ಕೇಳುತ್ತಲೇ ಇರುತ್ತದೆ: ಎಲ್ಲಿದ್ದೀ, ಯಾವ ಮೋಡಿನಲ್ಲಿದ್ದೀ? ನೀವು ಎದುರಿನವರ ಕರೆಸಂಕೇತ ಟೈಪ್ ಮಾಡಿದರೆ ದಿನಾಂಕ, ಸಮಯ, ಆವರ್ತನ, ಮೋಡ್ ಎಲ್ಲವನ್ನೂ ಅದೇ ತುಂಬಿಸುತ್ತದೆ. ಕರೆಸಂಕೇತದ ಮೊದಲ ಅಕ್ಷರಗಳಿಂದ ದೇಶ ಯಾವುದೆಂದೂ ಹೇಳುತ್ತದೆ. ಎ-6 ಎಂದರೆ ಯುಎಇ, ಎ-7 ಎಂದರೆ ಕತಾರ್, 9-ಕೆ ಎಂದರೆ ಕುವೈತ್, ಹೆಚ್-ಝಡ್ ಎಂದರೆ ಸೌದಿ ಅರೇಬಿಯ. ನಮ್ಮ ಮನೆಗಳ ಅಣ್ಣ, ಮಾವಂದಿರು ದುಡಿಯುತ್ತಿರುವ ಊರುಗಳೇ ಇವು.

ಡಿಎಕ್ಸ್‌ಲ್ಯಾಬ್ ಮತ್ತು ಲಾಗರ್-32 ಉಚಿತ ಸಾಫ್ಟ್‌ವೇರುಗಳು. ಲಿನಕ್ಸ್ ಬಳಸುವವರಿಗೆ ಸಿಕ್ಯೂಆರ್‌ಲಾಗ್ ಇದೆ. ಹ್ಯಾಮ್ ರೇಡಿಯೋ ಡಿಲಕ್ಸ್ ಮೊದಲು ಉಚಿತವಾಗಿ ಸಿಗುತ್ತಿತ್ತು, 2011ರಲ್ಲಿ ಒಡೆತನ ಬದಲಾದ ಮೇಲೆ ಹಣ ಕೊಟ್ಟು ಕೊಳ್ಳುವಂಥದ್ದಾಯಿತು. ಕದ್ದ ಪ್ರತಿ ಹಾಕಿಕೊಳ್ಳಬೇಡಿ, ಉಚಿತವಾದದ್ದೇ ಇರುವಾಗ ಅದರ ಅಗತ್ಯವೂ ಇಲ್ಲ. ಯಾವುದನ್ನೇ ಬಳಸಿದರೂ ಒಂದು ಮಾತು ನೆನಪಿರಲಿ. 'ಅಡಿಫ್' ಎಂಬ ಒಂದು ಸಾಮಾನ್ಯ ಬರಹ ಕ್ರಮವನ್ನು ಹವ್ಯಾಸಿಗಳು 1996ರಲ್ಲೇ ಮಾಡಿಕೊಂಡಿದ್ದಾರೆ. ಪ್ರತಿ ಮಾಹಿತಿಗೂ ಒಂದು ಹೆಸರು, ಎಷ್ಟು ಅಕ್ಷರ ಎಂಬ ಸಂಖ್ಯೆ, ನಂತರ ಮಾಹಿತಿ. ಇದು ಸಾದಾ ಬರಹದ ಕಡತ, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ತಿಂಗಳಿಗೊಮ್ಮೆ ನಿಮ್ಮ ಲಾಗನ್ನು ಈ ರೂಪದಲ್ಲಿ ಪೆನ್ ಡ್ರೈವಿಗೆ ಇಳಿಸಿಡಿ. ಹಾರ್ಡ್ ಡಿಸ್ಕ್ ಹಾಳಾದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಈ ಸಾಫ್ಟ್‌ವೇರುಗಳು ಮಾಡುವ ಇನ್ನೊಂದು ಕೆಲಸ ನಿಮಗೆ ಇಷ್ಟವಾದೀತು. ಎದುರಿನ ಊರಿನ ದಿಕ್ಕನ್ನು ಲೆಕ್ಕ ಹಾಕಿ ಆಂಟೆನಾವನ್ನು ಆ ಕಡೆ ತಿರುಗಿಸುತ್ತವೆ. ಭೂಮಿ ಗುಂಡಗಿರುವುದರಿಂದ ಗೋಡೆಗೆ ತೂಗುಹಾಕಿದ ಭೂಪಟದ ದಿಕ್ಕು ಇಲ್ಲಿ ಸರಿಯಾಗುವುದಿಲ್ಲ. ಮಂಗಳೂರಿನಿಂದ ನ್ಯೂಯಾರ್ಕಿಗೆ ಆಂಟೆನಾ ತಿರುಗಿಸಬೇಕಾದದ್ದು ಪಶ್ಚಿಮಕ್ಕಲ್ಲ, ಸುಮಾರು 333 ಡಿಗ್ರಿಗೆ, ಅಂದರೆ ಉತ್ತರದ ಕಡೆ ಬಹಳ ವಾಲಿದ ವಾಯವ್ಯಕ್ಕೆ. ಇದೇ ಸೂತ್ರದಲ್ಲಿ ಮಂಗಳೂರಿನ ಮತ್ತು ಮಕ್ಕಾದ ಅಕ್ಷಾಂಶ ರೇಖಾಂಶ ಹಾಕಿ ನೋಡಿ. ಸುಮಾರು 289 ಡಿಗ್ರಿ ಬರುತ್ತದೆ. ಅದು ನಮ್ಮ ಕಿಬ್ಲಾ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿಯವರು ಗಝ್ನಿಯ ಕಿಬ್ಲಾ ನಿರ್ಣಯಿಸಲು ಇದೇ ಗೋಲದ ಗಣಿತವನ್ನು ಬಳಸಿದರು. ಕಾಲೇಜಿನಲ್ಲಿ ತ್ರಿಕೋನಮಿತಿ ಏಕೆ ಕಲಿಯಬೇಕು ಎಂದು ಕೇಳುವವರಿಗೆ ಇದೊಂದು ಉತ್ತರ.

ಇಬ್ಬರು ಸಾಕ್ಷಿಗಳು

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು? ಸೂರಃ ಅಲ್ ಬಕರದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸ ಅಲ್ಲ. ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವುದು ಮತ್ತು ಅದಕ್ಕೆ ಸಾಕ್ಷಿಗಳನ್ನು ನಿಲ್ಲಿಸುವುದು. ಹವ್ಯಾಸಿ ರೇಡಿಯೋ ಸಾಲದ ವ್ಯವಹಾರವಲ್ಲ, ನಿಜ. ಆದರೆ ಬರೆದಿಡುವ ಶಿಸ್ತು ಎಂಬುದು ಒಂದು ಕಡೆ ಕಲಿತರೆ ಎಲ್ಲ ಕಡೆಗೂ ಬರುತ್ತದೆ.

2003ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೋ ಸಂಘಟನೆಯಾದ ಎಆರ್‌ಆರ್‌ಎಲ್ 'ಲಾಗ್‌ಬುಕ್ ಆಫ್ ದಿ ವರ್ಲ್ಡ್' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ನಾನು ನನ್ನ ಲಾಗನ್ನು ಡಿಜಿಟಲ್ ಸಹಿ ಹಾಕಿ ಕಳುಹಿಸುತ್ತೇನೆ, ಎದುರಿನವರು ಅವರದನ್ನು ಕಳುಹಿಸುತ್ತಾರೆ. ಒಬ್ಬರ ಲಾಗನ್ನು ಇನ್ನೊಬ್ಬರು ನೋಡಿ ಬರೆಯುವಂತಿಲ್ಲ. ಕರೆಸಂಕೇತ, ಬ್ಯಾಂಡ್, ಮೋಡ್ ಹೊಂದಬೇಕು, ಸಮಯದಲ್ಲಿ 30 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಗ ಮಾತ್ರ ಆ ಸಂಪರ್ಕ ದೃಢವಾಗುತ್ತದೆ. ನೂರು ದೇಶ ಪ್ರದೇಶಗಳೊಡನೆ ಹೀಗೆ ದೃಢಪಟ್ಟ ಸಂಪರ್ಕ ಇದ್ದವರಿಗೆ ಡಿಎಕ್ಸ್‌ಸಿಸಿ ಎಂಬ ಪ್ರಸಿದ್ಧ ಪ್ರಶಸ್ತಿ ಪತ್ರ ಸಿಗುತ್ತದೆ.

ಇಲ್ಲಿ ನಮ್ಮವರು ಎಡವುವುದು ಸಮಯದಲ್ಲಿ. ಲಾಗನ್ನು ಬರೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸುಬ್‌ಹಿ ನಮಾಝ್ ಮುಗಿಸಿ 5 ಗಂಟೆ 20 ನಿಮಿಷಕ್ಕೆ ಸೆಟ್ಟಿನ ಮುಂದೆ ಕುಳಿತರೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ 23 ಗಂಟೆ 50 ನಿಮಿಷ. ಹತ್ತು ನಿಮಿಷ ಕಳೆದರೆ ಲಾಗಿನ ತಾರೀಖೇ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ವಲಯ ತಪ್ಪಿದ್ದರೆ ನೂರಾರು ಸಂಪರ್ಕಗಳು ಯಾರೊಡನೆಯೂ ಹೊಂದದೆ ಅನಾಥವಾಗಿ ಬಿದ್ದಿರುತ್ತವೆ. ಕೇಬಲ್ ಸಡಿಲವಾದರೆ ಇನ್ನೊಂದು ತಪ್ಪು. ಕೆಲವು ಸಾಫ್ಟ್‌ವೇರುಗಳು ಕೊನೆಯ ಸಲ ಓದಿದ ಆವರ್ತನವನ್ನೇ ಬರೆಯುತ್ತಾ ಹೋಗುತ್ತವೆ. ನೀವು 7 ಮೆಗಾಹರ್ಟ್ಸಿನಲ್ಲಿ ಮಾತನಾಡುತ್ತಿದ್ದೀರಿ, ಲಾಗಿನಲ್ಲಿ 14 ಇರುತ್ತದೆ.

ಇನ್ನೂ ಒಂದು ಸಣ್ಣ ಸುಳ್ಳು ಇದೆ. ಎದುರಿನವರ ಧ್ವನಿ ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬ ವರದಿಯ ಜಾಗದಲ್ಲಿ ಸಾಫ್ಟ್‌ವೇರ್ ತಾನಾಗಿಯೇ '59' ಎಂದು ತುಂಬಿಸಿಡುತ್ತದೆ, ಅಂದರೆ ಅತ್ಯುತ್ತಮ. ಸೋಮಾರಿಗಳು ಅದನ್ನೇ ಎಲ್ಲರಿಗೂ ಹೇಳುತ್ತಾರೆ. ಎದುರಿನ ಬಡಪಾಯಿ ಹೊಸ ಆಂಟೆನಾ ಕಟ್ಟಿ ಪರೀಕ್ಷಿಸುತ್ತಿರಬಹುದು. ನಿಮ್ಮ ಸತ್ಯವಾದ ವರದಿ ಅವನಿಗೆ ಬೇಕು. ಯಂತ್ರ ತುಂಬಿಸಿದ್ದಕ್ಕೂ ಜವಾಬ್ದಾರರು ನಾವೇ.

ಲಾಗಿನಲ್ಲಿ ಇಲ್ಲದ ಇಪ್ಪತ್ತು ನಿಮಿಷ

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಸೆಟ್ಟನ್ನು ಮೊದಲ ಸಲ ಕಂಪ್ಯೂಟರಿಗೆ ಜೋಡಿಸಿದ ವರ್ಷ, ಒಂದು ಸಂಜೆ ಎರಡನ್ನೂ ಚಾಲೂ ಇಟ್ಟು ಮಗ್ರಿಬ್ ನಮಾಝಿಗೆ ಮಸೀದಿಗೆ ಹೋದೆ. ಕರೆಂಟ್ ಹೋಗಿ ಬಂತು. ಸೆಟ್ಟು ಬ್ಯಾಟರಿಯಲ್ಲಿತ್ತು, ಕಂಪ್ಯೂಟರ್ ತಾನಾಗಿಯೇ ಮತ್ತೆ ಚಾಲೂ ಆಯಿತು. ಸೀರಿಯಲ್ ಪೋರ್ಟಿನಲ್ಲಿ ಆರ್‌ಟಿಎಸ್ ಎಂಬ ಒಂದು ಪಿನ್ ಇದೆ. ಟ್ರಾನ್ಸ್‌ಮಿಟ್ ಸ್ವಿಚ್ಚಾಗಿ ಅದನ್ನು ಬಳಸುವ ಕ್ರಮ ಇದೆ, ನಾನೂ ಹಾಗೆಯೇ ಜೋಡಿಸಿದ್ದೆ. ಕಂಪ್ಯೂಟರ್ ಏಳುವಾಗ ಆ ಪಿನ್ ಎತ್ತರಕ್ಕೆ ಹೋಗಿ ಹಾಗೆಯೇ ನಿಂತಿತು. ಸೆಟ್ಟು ಆರ್‌ಟಿಟಿವೈ ಮೋಡಿನಲ್ಲಿತ್ತು. ಆ ಮೋಡಿನಲ್ಲಿ ಒತ್ತಿದರೆ ಪೂರ್ಣ ಶಕ್ತಿ ನಿರಂತರವಾಗಿ ಹೊರಟುಹೋಗುತ್ತದೆ. ನಾನು ಮನೆಗೆ ಬರುವಾಗ ಕೋಣೆಯಲ್ಲಿ ಸುಟ್ಟ ವಾಸನೆ. ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರ್ ಹೋಗಿತ್ತು.

ಮರುದಿನ ನಮ್ಮ ಹಿರಿಯ ಹವ್ಯಾಸಿಯೊಬ್ಬರು ಫೋನ್ ಮಾಡಿದರು. "ನಿನ್ನೆ ಸಂಜೆ ಯಾರೋ ಇಪ್ಪತ್ತು ನಿಮಿಷ ಗಾಳಿ ಕಟ್ಟಿಬಿಟ್ಟಿದ್ದರು. ನಿಮ್ಮ ಕಡೆಯವರಾ ಮಾರಾಯರೇ?" ಆ ತರಂಗದಲ್ಲಿ ಧ್ವನಿ ಇರಲಿಲ್ಲ, ಕರೆಸಂಕೇತ ಇರಲಿಲ್ಲ. ಕಂಪ್ಯೂಟರಿನ ಲಾಗ್ ತೆರೆದು ನೋಡಿದೆ. ಆ ಹೊತ್ತಿನಲ್ಲಿ ಸಾಫ್ಟ್‌ವೇರೇ ಓಡುತ್ತಿರಲಿಲ್ಲ, ಅಲ್ಲಿ ಒಂದು ಅಕ್ಷರವೂ ಇಲ್ಲ. 'ನಾನಲ್ಲ' ಎಂದಿದ್ದರೆ ನನ್ನ ದಾಖಲೆಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಸ್ವಲ್ಪ ಹೊತ್ತು ನಾಲಗೆ ತಡವರಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ನಂತರ ಹೇಳಿದೆ: "ನಾನೇ, ಸರ್. ತಪ್ಪಾಯಿತು." ಅವರು ಬೈಯಲಿಲ್ಲ. "ಹಾಗಾದರೆ ಲಾಗಿನಲ್ಲಿ ಬರೆದುಬಿಡಿ" ಎಂದರು. ಅಂದು ಸಂಜೆ ಸಮಯ, ಆವರ್ತನ, ಕಾರಣ ಎಲ್ಲವನ್ನೂ ನಾನೇ ಟೈಪ್ ಮಾಡಿ ಸೇರಿಸಿದೆ. ನನ್ನ ಲಾಗಿನಲ್ಲಿ ಎದುರಿನವರ ಹೆಸರಿಲ್ಲದ ಸಾಲು ಅದೊಂದೇ.

ವಿದ್ಯಾರ್ಥಿ ಮಿತ್ರರೇ, ಇದರಿಂದ ಎರಡು ಪಾಠ. ಮೊದಲನೆಯದು ತಂತ್ರದ್ದು. ಎದ್ದು ಹೋಗುವಾಗ ಸೆಟ್ಟನ್ನು ಆರಿಸಿ. ಸೆಟ್ಟಿನ ಮೆನುವಿನಲ್ಲಿ ಟ್ರಾನ್ಸ್‌ಮಿಟ್ ಸಮಯಕ್ಕೆ ಮಿತಿ ಇಡುವ ಸೌಲಭ್ಯ ಇದ್ದರೆ ಅದನ್ನು ಮೊದಲ ದಿನವೇ ಹಾಕಿ. ಸಾಧ್ಯವಾದರೆ ಪಿನ್ನಿನ ಬದಲು ಆಜ್ಞೆಯ ಮೂಲಕವೇ ಟ್ರಾನ್ಸ್‌ಮಿಟ್ ಮಾಡಿಸಿ. ಎರಡನೆಯ ಪಾಠ: ಕಂಪ್ಯೂಟರಿನ ಲಾಗ್ ಸುಳ್ಳು ಹೇಳುವುದಿಲ್ಲ ಎಂಬುದು ಅರ್ಧ ಸತ್ಯ. ಅದು ತನಗೆ ಕಂಡದ್ದನ್ನು ಮಾತ್ರ ಬರೆಯುತ್ತದೆ. ಕಾಣದೇ ಹೋದದ್ದನ್ನು ಬರೆಯುವವರು ನಾವು.

ಈ ಮಾತು ಈಗ ಇನ್ನೂ ಮುಖ್ಯ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಸ್ವತಃ ಹವ್ಯಾಸಿ. ಅವರೂ ಸ್ಟೀವ್ ಫ್ರಾಂಕ್ ಅವರೂ ಸೇರಿ 2017ರಲ್ಲಿ ತಂದ ಎಫ್‌ಟಿ-8 ಎಂಬ ಕ್ರಮದಲ್ಲಿ ಕಂಪ್ಯೂಟರುಗಳು 15 ಸೆಕೆಂಡಿಗೊಂದು ಸರದಿಯಂತೆ ಸಂದೇಶ ಕಳುಹಿಸುತ್ತವೆ. ಕಿವಿಗೆ ಕೇಳದಷ್ಟು ಕ್ಷೀಣವಾದ ತರಂಗವನ್ನೂ ಅದು ಹಿಡಿಯುತ್ತದೆ. ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಬೇಕು, ಅಷ್ಟೆ. ಉಳಿದದ್ದನ್ನು ಬಹುಪಾಲು ಯಂತ್ರವೇ ಮಾಡುತ್ತದೆ. ಆದರೆ ಲೈಸೆನ್ಸ್ ಯಂತ್ರದ ಹೆಸರಿನಲ್ಲಿಲ್ಲ.

ಕರೆಂಟ್ ಇಲ್ಲದ ದಿನ

ಕಂಪ್ಯೂಟರನ್ನು ಇಷ್ಟು ಹೊಗಳಿದ ಮೇಲೆ ಅದಿಲ್ಲದ ದಿನದ ಬಗ್ಗೆಯೂ ಹೇಳಬೇಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮಹಿಳೆ ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಅಲ್ಲಿಂದ ಜಗತ್ತಿನ ಹವ್ಯಾಸಿಗಳೊಡನೆ ಸಂಪರ್ಕ ಸಾಧಿಸುವುದು ಅವರ ಉದ್ದೇಶ. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ವಿದ್ಯುತ್ತು, ದೂರವಾಣಿ ಕಡಿದುಹೋದವು. ಅವರು ಹವ್ಯಾಸವನ್ನು ಬದಿಗಿಟ್ಟು ದ್ವೀಪದ ಜನರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸುವ ಕೆಲಸಕ್ಕಿಳಿದರು. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲೂ ಹವ್ಯಾಸಿಗಳು ಇದೇ ಸೇವೆ ಮಾಡಿದ್ದರು. ಅಂಥ ದಿನ ಬೇಕಾಗುವುದು ಕಾರಿನ ಬ್ಯಾಟರಿ, ಒಂದು ತಂತಿಯ ಆಂಟೆನಾ, ಪುಸ್ತಕ ಮತ್ತು ಪೆನ್ಸಿಲ್. ಆದ್ದರಿಂದ ವಾರಕ್ಕೊಮ್ಮೆಯಾದರೂ ಕೈಯಿಂದ ಲಾಗ್ ಬರೆಯುವ ಅಭ್ಯಾಸ ಇರಲಿ. ಇಲ್ಲಿ ಕುಳಿತ ವಿದ್ಯಾರ್ಥಿನಿಯರು ಆ ಹೆಸರನ್ನು ವಿಶೇಷವಾಗಿ ನೆನಪಿಡಲಿ ಎಂದು ಕೋರುತ್ತೇನೆ.

ನೀವು ಎಲ್ಲಿಂದ ಆರಂಭಿಸಬೇಕು?

ಲೈಸೆನ್ಸಿಗೆ 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರೇಡಿಯೋ ತತ್ವ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಹವ್ಯಾಸಿಗಳ ಕ್ಲಬ್ಬುಗಳಿವೆ, ಹೋಗಿ ಕೇಳಿದರೆ ಕಲಿಸುತ್ತಾರೆ.

ಲೈಸೆನ್ಸ್ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. 'ಹ್ಯಾಮ್‌ಲಿಬ್' ಎಂಬ ಮುಕ್ತ ತಂತ್ರಾಂಶ ಇದೆ. ನಾನು ಹೇಳಿದ ಮೂರೂ ಭಾಷೆಗಳನ್ನು, ಇನ್ನೂ ಹಲವನ್ನು ಅದು ಬಲ್ಲದು. ಅದರಲ್ಲಿ ಮಾಡೆಲ್ ನಂಬ್ರ 1 ಎಂದರೆ ನಿಜವಾದ ಸೆಟ್ಟಲ್ಲ, ಕಲಿಯುವವರಿಗಾಗಿ ಇರುವ ಕಾಲ್ಪನಿಕ ಸೆಟ್ಟು. ಅದಕ್ಕೆ ಆವರ್ತನ ಕೊಡಿ, ಕೇಳಿ, ಬದಲಿಸಿ. ಪೈಥಾನ್ ಗೊತ್ತಿದ್ದರೆ ನಿಮ್ಮದೇ ಲಾಗ್ ಪ್ರೋಗ್ರಾಂ ಬರೆಯಿರಿ. ತರಂಗ ಹೊರಡುವುದಿಲ್ಲ, ಖರ್ಚಿಲ್ಲ, ಲೈಸೆನ್ಸ್ ಬೇಡ. ಕಾರ್ಖಾನೆಯ ಯಂತ್ರಗಳು, ಆಸ್ಪತ್ರೆಯ ಪರೀಕ್ಷಾ ಉಪಕರಣಗಳು, ಅಂಗಡಿಯ ತಕ್ಕಡಿಗಳು, ಇವುಗಳಲ್ಲಿ ಎಷ್ಟೋ ಕಂಪ್ಯೂಟರಿನೊಡನೆ ಮಾತನಾಡುವುದು ಇದೇ ಸೀರಿಯಲ್ ಕ್ರಮದಲ್ಲಿ. ಇಲ್ಲಿ ಕಲಿತದ್ದು ನಾಳೆ ಊಟಕ್ಕೂ ಆಗುತ್ತದೆ. ನಮ್ಮ ಸಂಘದ ಶಾಲೆಯ ಲ್ಯಾಬಿನಲ್ಲಿ ಹಳೆಯ ಕಂಪ್ಯೂಟರ್ ಒಂದು ಮೂಲೆಯಲ್ಲಿದ್ದರೆ ಸದಸ್ಯರು ಅದನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕು ಎಂದು ವಿನಂತಿಸುತ್ತೇನೆ.

ಬಾಗಿಲಲ್ಲಿ ಪ್ರಶ್ನೆ ಕೇಳಿದ ಆ ತಂದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಮಗನಿಗೆ ಮೊದಲು ಪರೀಕ್ಷೆ ಬರೆಸಿ, ನಂತರ ಸೆಟ್ಟು ಕೊಡಿಸಿ, ಮೊದಲ ದಿನದಿಂದಲೇ ಸತ್ಯವಾದ ಲಾಗ್ ಬರೆಸಿ. ಯಾರೇ ಬಂದು ಕೇಳಿದರೂ ಅವನು ಆ ಲಾಗನ್ನು ತೆರೆದು ತೋರಿಸುವ ಹಾಗಿರಬೇಕು.

ಪ್ರಯೋಜನಕಾರಿಯಾದ ಜ್ಞಾನವನ್ನೂ, ಬರೆದದ್ದರಲ್ಲಿ ಸತ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.